ತುಂಬಿದ ಡಬ್ಬಿ

"ಇನ್ನಷ್ಟು ಬಿಗೀ ಕಟ್ಟವಾ, ಮತ್ತ ವಾಲಾಕತ್ತೈತಿ," ಎನ್ನುತ್ತ ಓಣಿಯ ಗುಂಡವ್ವ ಹೆಣದ ಎಡಭುಜವನ್ನು ಅಂಗೈಯಿಂದ ಒತ್ತಿ ಹಿಡಿದಳು.

ಸಿದ್ದವ್ವ ತಾಯಿಯ ಕಂಕುಳಡಿ ಹಳೇ ಧೋತರದ ಪಟ್ಟಿ ತೂರಿಸಿ, ಚಪ್ಪರದ ಕಂಬಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಹಡಪದ ಹುಲಿಗೆವ್ವ ಬೆಳಗಾಗುವಾಗ ಸತ್ತಿದ್ದಳು. ಅವರ ಮಂದಿಯಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹಣೆ ತುಂಬ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕೂತವರ ಹಾಗೆ ನೆಟ್ಟಗೆ ಕೂಡಿಸುತ್ತಾರೆ. ಕೂತಂತೆಯೇ ಮಣ್ಣಿಗೆ ಒಯ್ಯುತ್ತಾರೆ. ಆದರೆ ಇದು ವಾಂತಿಭೇದಿಯಲ್ಲಿ ನೀರೆಲ್ಲ ಬಸಿದುಹೋದ ಮೈ. ಕೂಡಿಸಿದಲ್ಲಿ ಕೂಡಲೊಲ್ಲದು.

"ಬದುಕಿದ್ದಾಗರ ಎಲ್ಲಿ ಒಂದ ಕಡೆ ಕೂತಿದ್ಲು?" ಅಂದಳು ಗುಂಡವ್ವ. ಅವಳ ದನಿಯಲ್ಲಿ ಅಳುವಿರಲಿಲ್ಲ. ಯಾಕಿರಲಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಎಪ್ಪತ್ತೆಂಟನೇ ಇಸವಿಯ ಬೇಸಿಗೆ. ಒಂಬತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಕುಣಿ ತೋಡಿ ಮುಗಿದಿತ್ತು, ಅಯ್ಯನವರು ಬಂದು ಕೂತಿದ್ದರು, ಎತ್ತುವುದೊಂದೇ ಬಾಕಿ. ಆದರೆ ಎತ್ತಕೂಡದು ಎಂದು ಪಂಚಾಯಿತಿ ಛೇರ್ಮನ್ ರಾವಸಾಬನ ಅಪ್ಪಣೆಯಾಗಿತ್ತು. ದಿಲ್ಲಿಯ ಸಾಹೇಬರು ಬಂದು ಹೋಗುವತನಕ ಯಾರೂ ಎತ್ತಬಾರದು, ಯಾರೂ ಅಳಬಾರದು, ಯಾರೂ ಡಬ್ಬಿ ಮುಟ್ಟಬಾರದು.

ಡಬ್ಬಿ ಹುಲಿಗೆವ್ವನ ಮಗ್ಗುಲಲ್ಲೇ ಒಂದು ಖುರ್ಚಿಯ ಮೇಲಿತ್ತು. ಕೆಂಪು ಬಣ್ಣದ ಗುರುತು ಹೊಡೆದ ತಗಡಿನ ಡಬ್ಬಿ, ಬಾಯಿಗೆ ಕೀಲಿ. ಒಳಗೆ ವಾಂತಿಭೇದಿಯ ಗುಳಿಗೆ ಇನ್ನೂರು, ಒಂದೂ ಕಡಿಮೆಯಿಲ್ಲ. ಕೀಲಿಕೈ ರಾವಸಾಬನ ಕಿಸೆಯಲ್ಲಿ. ಮುದುಕಿಯ ಉಸಿರು ನಿಂತ ಸುದ್ದಿ ಕೇಳಿ ಓಡಿಬಂದವನು ಮೊದಲು ಕೇಳಿದ್ದೇ ಅದನ್ನು. "ಕೀಲಿಕೈ ಎಲ್ಲಿ ಐತಿ?" ಆಮೇಲೆ ನೆನಪಾಗಿ, "ಯಾವಾಗ ಹೋದ್ಲು?" ಅಂದಿದ್ದ.

ಓಣಿಯ ಕೊನೆಯ ಮನೆಯ ಸಗೀರಾ ಸೆರಗು ಬಾಯಿಗೆ ಒತ್ತಿಕೊಂಡು ಬಂದಳು. ಸಿದ್ದವ್ವನೂ ಅವಳೂ ಒಂದೇ ವಾರಿಗೆಯವರು. ಸಗೀರಾಳ ಮೂರೂ ಹೆರಿಗೆ ಹುಲಿಗೆವ್ವನ ಕೈಯಲ್ಲೇ ಆಗಿದ್ದವು. ಹೆಣಕ್ಕೆ ಕೈಮುಗಿದು, ಸಿದ್ದವ್ವನ ಕಿವಿಯ ಹತ್ತಿರ ಬಗ್ಗಿದಳು.

"ಅಖ್ತರಗ ಸುರು ಆಗೈತಿ ಸಿದ್ದವ್ವ. ಮುಂಜಾನಿಂದ ನಾಕ ಸಲ ಆತು. ಉಪ್ಪು-ಬೆಲ್ಲದ ನೀರು ಹೊಟ್ಯಾಗ ನಿಲ್ಲವಲ್ದು. ಕಣ್ಣು ಒಳಗ ಹೊಂಟಾವ."

ಸಗೀರಾಳ ಮಗಳು ಅಖ್ತರಳಿಗೆ ಆರು ವರ್ಷ. ಸಿದ್ದವ್ವ ಹೆಣದ ಗಂಟು ಅಲ್ಲೇ ಬಿಟ್ಟು ರಾವಸಾಬನ ಮುಂದೆ ಹೋಗಿ ನಿಂತಳು. "ಯಪ್ಪಾ, ನಾಕ ಗುಳಗಿ ತಗೊಂತೇನಿ. ಕೂಸಿನ ಜೀವದ ಮಾತೈತಿ."

"ಒಂದ ತಾಸು ತಡಿ," ಎಂದ ರಾವಸಾಬ. ಅವನ ಕೈಯಲ್ಲಿ ಸಿಂದಗಿಯಿಂದ ತರಿಸಿದ ಚೆಂಡು ಹೂವಿನ ಎರಡು ಮಾಲೆ ಇದ್ದವು. "ಸಾಹೇಬ್ರು ಎಣಿಸಿ ನೋಡ್ತಾರ. ಲೆಕ್ಕ ತಪ್ಪಿದ್ರ ನಾಕೂ ತಾಲೂಕಿನ ಯೋಜನಿ ಬಂದ್. ನಿಮ್ಮವ್ವ ಅದಕ್ಕಂತನ ಜೀವಾ ಬಿಟ್ಟಾಳ. ಆಕಿ ಮಾತು ಇಷ್ಟ ಲಗೂ ಮರತಿ ಏನ?"

ಅದೊಂದು ಮಾತಿಗೆ ಸಿದ್ದವ್ವ ಸೋತಳು. ತಿರುಗಿ ಬಂದು ಸಗೀರಾಳ ಕೈ ಹಿಡಿದುಕೊಂಡಳು.

"ಜೀಪ ಹಳ್ಳ ದಾಟಿದ ಕೂಡಲೆ ನಾನ ಡಬ್ಬಿ ಹೊತಗೊಂಡು ಬರ್ತೇನಿ. ನಮ್ಮವ್ವನ ಆಣಿ. ಅಲ್ಲೀತನಕ ಚಮಚಾಲೆ ನೀರು ಹಾಕ್ಕೋತ ಇರು."

"ನಿನ್ನ ನಂಬಿ ಹೋಗಾಕತ್ತೇನಿ," ಎಂದು ಸಗೀರಾ ಮನೆಯತ್ತ ನಡೆದಳು.

*

ಹುಲಿಗೆವ್ವ ಸೂಲಗಿತ್ತಿ. ಊರಿನ ಅರ್ಧ ಮಂದಿ ಅವಳ ಕೈಗೇ ಬಿದ್ದವರು, ರಾವಸಾಬನೂ ಸೇರಿ. ಬೇನೆ ತಿನ್ನುವ ಹೆಂಗಸು ಬಹಳ ಚೀರಿದರೆ ತೊಡೆಗೆ ಫಟಾರನೆ ಹೊಡೆದು, "ಬಸರಾಗೂಮುಂದ ನನ್ನ ಕೇಳಿದ್ದೇನ? ಈಗ್ಯಾಕ ನನ್ನ ಹೆಸರ ತಗೀತಿ?" ಎಂದು ಬಯ್ಯುವಳು. ಕೂಸು ಹೊರಬಿದ್ದ ಮೇಲೆ ಅದೇ ಹೆಂಗಸಿನ ಕಾಲು ಒತ್ತುತ್ತ ಕೂಡುವಳು. ಕೊಟ್ಟರೆ ಒಂದು ಸೇರು ಜೋಳ, ಕೊಡದಿದ್ದರೆ ತಂಬಾಕು. ಎರಡೂ ಇಲ್ಲದ ಮನೆಯಲ್ಲಿ ಬರೀ ಬೈಗುಳ ಕೊಟ್ಟು ಬರುತ್ತಿದ್ದಳು.

ದಿಲ್ಲಿಯ ರೊಕ್ಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕಿನ ಕೆಲವು ಊರುಗಳಿಗೆ ಒಬ್ಬೊಬ್ಬ ಆರೋಗ್ಯ ಕಾರ್ಯಕರ್ತೆಯನ್ನು ನೇಮಿಸುವ ಯೋಜನೆ ಬಂತು. ಎರಡು ವರ್ಷದ ಪ್ರಯೋಗ. ಚಲೋ ನಡೆದರೆ ಮುಂದುವರಿಕೆ. ಊರಿನಲ್ಲಿ ಓದಿದ ಹೆಂಗಸರಿರಲಿಲ್ಲ, ಇದ್ದ ಇಬ್ಬರನ್ನು ಮನೆಯವರು ಹೊರಗೆ ಕಳಿಸಲಿಲ್ಲ. ಹಾಗಾಗಿ ಐವತ್ತೆಂಟು ವರ್ಷದ ಹುಲಿಗೆವ್ವ ಸಿಂದಗಿಗೆ ಹೋಗಿ ತಿಂಗಳು ತರಬೇತಿ ಪಡೆದಳು. ಮೊದಲ ದಿನ ಖುರ್ಚಿ ಮೇಲೆ ಕೂಡಿಸಿದರೆ ಐದು ನಿಮಿಷಕ್ಕೆ ಇಳಿದು ನೆಲಕ್ಕೆ ಕೂತಳು. "ಕಾಲು ಜೋತು ಬಿದ್ರ ತಲಿ ಓಡಂಗಿಲ್ರಿ," ಅಂದಳು.

ಕಣ್ಣಿಗೆ ಕಾಣದ ಹುಳುಗಳಿಂದ ರೋಗ ಬರುತ್ತದೆ ಎಂದು ಕಲಿಸಲು ಬಂದ ನರ್ಸಬಾಯಿ ಹೇಳಿದಾಗ ಇವಳು ಎದ್ದು ನಿಂತಳು. "ನಮ್ಮೂರ ಬಾವಿ ನೀರು ಕುಡದ್ರ ಕಣ್ಣಿಗೆ ಕಾಣೂ ಹುಳಾನ ಕಾಲಾಗಿಂದ ಗೇಣುದ್ದ ಹೊರಗ ಬರ್ತಾವ್ರಿ. ಮೊದಲ ಅದಕ್ಕ ಏನರ ಹೇಳ್ರಿ. ಕಾಣದಿದ್ದದ್ದಕ್ಕ ಆಮ್ಯಾಲೆ ಬರೂಣು." ತರಗತಿಯೆಲ್ಲ ನಕ್ಕಿತು, ನರ್ಸಬಾಯಿಯೂ ನಕ್ಕಳು.

ಡಬ್ಬಿ ಬಂದ ದಿನ ಅದನ್ನು ಜಗುಲಿಯ ಮೇಲೆ ದೇವರ ಪಕ್ಕದಲ್ಲಿಟ್ಟು ವಿಭೂತಿ ಹಚ್ಚಿದಳು. ಯಾರಾದರೂ ಡಬ್ಬಿ ಅಂದರೆ ಸಿಟ್ಟು. "ಡಬ್ಬಿ ಅನಬ್ಯಾಡ್ರಿ, ದವಾಖಾನಿ ಅನ್ರಿ." ಅಕ್ಷರ ಬಾರದು, ವಹಿಯಲ್ಲಿ ಹುಟ್ಟಿದ್ದಕ್ಕೆ ಒಂದು ಚುಕ್ಕಿ, ಸತ್ತಿದ್ದಕ್ಕೆ ಒಂದು ಗೀಟು, ಗುಳಿಗೆ ಕೊಟ್ಟರೆ ಒಂದು ಸೊನ್ನೆ ಬರೆಯುತ್ತಿದ್ದಳು. ಮೊದಲ ವರ್ಷ ವಹಿಯ ತುಂಬ ಸೊನ್ನೆಗಳಿದ್ದವು. ಎರಡನೇ ವರ್ಷ ಔಷಧ ಬರುವುದು ನಿಂತಿತು. ಹತ್ತು ತಿಂಗಳು ಖಾಲಿ ಡಬ್ಬಿ ಹೊತ್ತು ಮನೆಮನೆ ತಿರುಗಿದಳು; ಇಲ್ಲ ಎನ್ನಲಿಕ್ಕಾದರೂ ಹೋಗಬೇಕಲ್ಲ ಎಂಬುದು ಅವಳ ವಾದ.

ಕೊನೆಗೆ ಸುಮ್ಮನಿರಲಿಲ್ಲ. ಬಸ್ಸು ಹತ್ತಿ ಮೂರು ತಾಲೂಕು ಅಲೆದು ಇಪ್ಪತ್ತಮೂರು ಮಂದಿ ಹೆಂಗಸರನ್ನು ಕೂಡಿಸಿ ವಿಜಾಪುರಕ್ಕೆ ಕರೆದೊಯ್ದಳು. ದೊಡ್ಡ ಸಾಹೇಬರ ಕಚೇರಿಯ ಪಾವಟಿಗೆ ಮೇಲೆ ಸಾಲಾಗಿ ಕೂತು, ಔಷಧದ ಡಬ್ಬಿ ತೆಗೆದು ಅದರಿಂದ ರೊಟ್ಟಿ, ಶೇಂಗಾಹಿಂಡಿ ಹೊರತೆಗೆದು ಎಲ್ಲರೂ ಊಟಕ್ಕೆ ತೊಡಗಿದರು. ಗುಮಾಸ್ತ ಬಯ್ಯುತ್ತ ಬಂದ. "ಔಷಧ ಇಟ್ಟಿದ್ರ ರೊಟ್ಟಿಗೆ ಜಾಗಾ ಎಲ್ಲಿರ್ತಿತ್ರಿ?" ಅಂದಳು ಹುಲಿಗೆವ್ವ. ಸಾಹೇಬರು ಹೊರಗೆ ಬಂದು ನೋಡಿದರು, ನಗು ತಡೆದುಕೊಂಡರು. ಮೇ ತಿಂಗಳಲ್ಲಿ ದಿಲ್ಲಿಯವರು ಬಂದು ಊರೂರು ನೋಡುತ್ತಾರೆ, ಅವರು ಒಪ್ಪಿದರೆ ಇನ್ನು ಮೂರು ವರ್ಷ ರೊಕ್ಕ, ಇಲ್ಲವಾದರೆ ಎಲ್ಲ ಬಂದ್, ಎಂದರು. ಅಷ್ಟರೊಳಗೆ ಡಬ್ಬಿ ತುಂಬಿಸಿಕೊಡುವ ಮಾತು ಕೊಟ್ಟರು.

ತಿರುಗಿ ಬರುವಾಗ ವಿಜಾಪುರದ ಬಸ್ ನಿಲ್ದಾಣದಲ್ಲಿ ಹೆಂಗಸರು ಮಾತಾಡಿಕೊಂಡರು. ತುಂಬಿ ಬಂದ ಡಬ್ಬಿಯನ್ನು ಕೂಡಲೇ ಖರ್ಚು ಮಾಡುವುದೋ, ದಿಲ್ಲಿಯವರಿಗೆ ತೋರಿಸುವತನಕ ಇಡುವುದೋ? ಉತ್ತರ ಹುಲಿಗೆವ್ವನದೇ.

"ಹೆಣ್ಣು ನೋಡಾಕ ಬೀಗರು ಬರೂಮುಂದ ಖಾಲಿ ಜ್ವಾಳದ ಹಗೇವು ಯಾರರ ತೋರಸ್ತಾರೇನ? ಮಂದಿ ಮನೀ ಜೋಳ ಕಡಾ ತಂದರ ಬಾಯಿಮಟ ತುಂಬಿಸಿ ತೋರಸ್ತೀವಿ. ತುಂಬಿದ್ದು ಕಂಡ್ರನ ಬೀಗರು ಹೆಣ್ಣ ಒಪ್ಪೂದು. ಎಂಟ ದಿನ ತಡಕೊಂಡ್ರ ಮೂರ ವರ್ಷ ಸಿಗತೈತಿ."

ಇಪ್ಪತ್ತಮೂರೂ ಮಂದಿ ಹೌದೆಂದರು. ಮದುವೆ ಮಾಡಿದ ಮನೆಯವರಿಗೆಲ್ಲ ಅದು ಸರಿಯೆನಿಸುವ ಮಾತು. ಆಸ್ಪತ್ರೆಯ ಡಾಕ್ಟರಿಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ತಾವೇ ಬಂದು ಗುಳಿಗೆ ಎಣಿಸಿ ಹಾಕಿ, ವಹಿಯಲ್ಲಿ ಬರೆದು, ಕೀಲಿ ಹಾಕಿ ಹೋದರು.

ವಾಂತಿಭೇದಿ ಊರಿಗೆ ಕಾಲಿಟ್ಟದ್ದು ಅದಾದ ಎರಡನೇ ದಿನ.

*

"ಮಾರಿ ಮ್ಯಾಲ ಸೆರಗು ಎಳೀರಿ," ಎಂದ ರಾವಸಾಬ. ಜೀಪು ಯಂಕಂಚಿ ದಾಟಿದ ಸುದ್ದಿ ಬಂದಿತ್ತು. ಡಾಕ್ಟರು ಆಗಲೇ ಯಾರದೋ ಫಟಫಟಿಯ ಹಿಂದೆ ಕೂತು ಬಂದು ಚಪ್ಪರದಡಿ ಬೆವರುತ್ತ ನಿಂತಿದ್ದರು. ಮೈಸೂರು ಕಡೆಯವರು, ಊರು ಬಿಟ್ಟು ಬಂದ ದಿನದಿಂದ ವರ್ಗಾವಣೆಯ ಅರ್ಜಿ ಬರೆಯುತ್ತಿದ್ದರು.

"ಏನ್ರೀ ಹೇಳೋದು ನಾನು?" ಎಂದರು ಡಾಕ್ಟರು. "ನನ್ನ ಹದ್ದಿನಲ್ಲಿ ಒಂದೇ ಒಂದು ಕೇಸೂ ಇಲ್ಲ ಅಂತ ಬರೆದು ಕಳಿಸಿದೀನಿ. ಕಾರ್ಯಕರ್ತೆಯೇ ವಾಂತಿಭೇದಿಯಲ್ಲಿ ಸತ್ತು ಕೂತಿದ್ದಾಳೆ!"

"ಸತ್ತಾಳಂತ ಯಾಕ ಹೇಳ್ತೀರಿ?" ರಾವಸಾಬ ಒಂದು ಮಾಲೆ ಬಿಡಿಸಿ ಹುಲಿಗೆವ್ವನ ಕೊರಳಿಗೆ ಹಾಕಿದ. "ದಿಲ್ಲಿಯವರಿಗೆ ನಮ್ಮ ಪದ್ಧತಿ ಏನ ಗೊತ್ತರಿ? ಲಿಂಗಪೂಜಿಗೆ ಕೂತಾಳ, ಎದ್ದು ಮಾತಾಡಂಗಿಲ್ಲ ಅನ್ರಿ. ಊರವರು ಆಕಿಗೆ ಸತ್ಕಾರ ಇಟಗೊಂಡಾರ ಅನ್ರಿ. ಭಜನಿ ಐತಿ, ಮಾಲಿ ಐತಿ, ಮಂದಿ ಐತಿ. ಸತ್ಕಾರಕ್ಕ ಇನ್ನೇನ ಬೇಕು?"

ಅಯ್ಯನವರು ಕಣ್ಣು ಮುಚ್ಚಿಕೊಂಡರು. ಬಾಯಿಯನ್ನು ಮೊದಲೇ ಮುಚ್ಚಿಕೊಂಡಿದ್ದರು. ಅವರ ಮಗನ ಸಾಲೆಯ ಕೆಲಸ ರಾವಸಾಬನ ಕೈಯಲ್ಲಿತ್ತು.

ಗುಂಡವ್ವ ಮಾತ್ರ ಖೊಳ್ಳನೆ ನಕ್ಕಳು. "ಭೇಷ್! ನನ್ನ ಮೊಮ್ಮಗಗ ಗುಳಗಿ ಕೊಡದ ಪುಣ್ಯಾತಗಿತ್ತಿಗೆ ಸತ್ಕಾರ. ಹಾಕ್ರಿ, ಇನ್ನೊಂದ ಮಾಲಿನೂ ಹಾಕ್ರಿ."

ಹೋದ ಸೋಮವಾರ ಗುಂಡವ್ವ ಹನ್ನೊಂದು ತಿಂಗಳ ಮೊಮ್ಮಗನನ್ನು ಹೊತ್ತು ಇದೇ ಅಂಗಳಕ್ಕೆ ಬಂದಿದ್ದಳು. ಹುಲಿಗೆವ್ವ ಉಪ್ಪು-ಬೆಲ್ಲದ ನೀರು ಮಾಡಿದಳು, ಮಡಿಲಲ್ಲಿ ಹಾಕಿಕೊಂಡು ಇಡೀ ದಿನ ಚಮಚದಲ್ಲಿ ಕುಡಿಸಿದಳು, ಅದು ಕಕ್ಕಿದ್ದನ್ನೆಲ್ಲ ತನ್ನ ಸೆರಗಿನಲ್ಲೇ ಒರೆಸಿದಳು. ಡಬ್ಬಿ ತೆರೆಯಲಿಲ್ಲ. ಉಪ್ಪು-ಬೆಲ್ಲದ ನೀರಿನಿಂದ ಆ ವಾರ ಹನ್ನೆರಡು ಮಂದಿ ಎದ್ದು ಕೂತಿದ್ದರು. ಗುಂಡವ್ವನ ಮೊಮ್ಮಗ ಏಳಲಿಲ್ಲ.

*

ನಿನ್ನೆ ಮಧ್ಯಾಹ್ನ ಹುಲಿಗೆವ್ವ ನೆಲಕ್ಕೆ ಬಿದ್ದಾಗ ಸಿದ್ದವ್ವ ಮೊದಲು ಮಾಡಿದ್ದೆಂದರೆ ತಾಯಿಯ ಸೊಂಟದಿಂದ ಕೀಲಿಕೈ ಬಿಚ್ಚಿದ್ದು. ಮುದುಕಿ ಅವಳ ಮುಂಗೈ ಹಿಡಿದು ಕೀಲಿಕೈ ಕಸಿದುಕೊಂಡಳು. ಹಿಡಿತದಲ್ಲಿ ಇನ್ನೂ ಬಲವಿತ್ತು.

"ಮುಟ್ಟಬ್ಯಾಡ."

"ಹುಚ್ಚಿ ಏನ ನೀ? ಇನ್ನೂರು ಅದಾವ. ಎರಡ ತಗೊಂಡ್ರ ಯಾವ ದಿಲ್ಲಿ ಮುಳಗತೈತಿ?"

"ಗುಂಡವ್ವನ ಮೊಮ್ಮಗಗ ಇಲ್ಲ ಅಂದೀನಿ. ಈಗ ನಾ ನುಂಗಿದ್ರ, ನನ್ನ ಮಾರಿ ಯಾರ ನೋಡ್ಯಾರು?"

ಸಿದ್ದವ್ವ ಬೈದಳು, ಅತ್ತಳು, ಕಾಲು ಹಿಡಿದಳು. ಎತ್ತಿನ ಗಾಡಿ ಇದ್ದ ರೇವಪ್ಪನನ್ನು ಆಸ್ಪತ್ರೆಗೆ ಓಡಿಸಿದಳು. ಅವನು ಹೊತ್ತು ಮುಳುಗುವಾಗ ಬರಿಗೈಯಲ್ಲಿ ಬಂದ. ರಕ್ತಕ್ಕೆ ಏರಿಸುವ ನೀರಿನ ಬಾಟಲಿಗಳು ಅಲ್ಲಿ ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವಂತೆ, ಒರೆಸಿ ಹೊಳಪು ಮಾಡಿದ್ದರಂತೆ. ನಾಳೆ ಸಾಹೇಬರು ನೋಡಿ ಹೋದ ಮೇಲೆ ಕರಕೊಂಡು ಬಾ, ಎಂದನಂತೆ ಕಂಪೌಂಡರ.

"ಚಲೋ ಮಾಡ್ಯಾರ," ಅಂದಳು ಹುಲಿಗೆವ್ವ. ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು. "ಅವರೂ ತುಂಬಿಸಿ ಇಟ್ಟಾರ. ಒಪ್ಪತಾರ ನೋಡ ದಿಲ್ಲಿಯವರು."

ಸೂಲಗಿತ್ತಿಯ ಮೊಂಡುತನಕ್ಕೆ ಮದ್ದಿಲ್ಲ. ಬೆಳಗಾಗುವಾಗ ಅವಳ ಕೈ ಸಡಿಲಾಯಿತು, ಕೀಲಿಕೈ ಸಿದ್ದವ್ವನ ಅಂಗೈಗೆ ಬಂತು. ಅಷ್ಟೊತ್ತಿಗೆ ಗುಳಿಗೆ ನುಂಗುವವರು ಯಾರೂ ಉಳಿದಿರಲಿಲ್ಲ.

*

ಜೀಪು ಬಂತು. ದಿಲ್ಲಿಯ ಸಾಹೇಬರು ತಲೆ ಬಾಗಿಸಿ ಚಪ್ಪರದೊಳಗೆ ಬಂದರು. ಕರಿ ಕನ್ನಡಕ, ಬಿಳಿ ಅಂಗಿ. ಕೆಟ್ಟ ಮನುಷ್ಯರಂತೆ ಕಾಣಲಿಲ್ಲ. ಭಜನೆಯವರು ತಾಳ ಜೋರು ಮಾಡಿದರು. ರಾವಸಾಬ ಉಳಿದ ಮಾಲೆಯನ್ನು ಸಾಹೇಬರ ಕೊರಳಿಗೆ ಹಾಕಿದ. ಈಗ ಚಪ್ಪರದಲ್ಲಿ ಒಂದೇ ಬಗೆಯ ಮಾಲೆಯವರು ಇಬ್ಬರಾದರು.

ಡಾಕ್ಟರು ಹಿಂದಿಯಲ್ಲಿ ಹೇಳಿದರು. ಇವರೇ ಇಲ್ಲಿಯ ಕಾರ್ಯಕರ್ತೆ. ಪೂಜೆಗೆ ಕೂತಿದ್ದಾರೆ, ನಡುವೆ ಮಾತಾಡುವಂತಿಲ್ಲ. ಜನ ಪ್ರೀತಿಯಿಂದ ಸನ್ಮಾನ ಇಟ್ಟುಕೊಂಡಿದ್ದಾರೆ. ಹೇಳುವಾಗ ಅವರ ದನಿ ಒಂದೇ ಒಂದು ಸಲ ಒಡೆಯಿತು. ಸಾಹೇಬರು ಅದನ್ನು ಭಕ್ತಿ ಎಂದುಕೊಂಡಿರಬೇಕು. ಕಂಬಕ್ಕೆ ಒರಗಿ ಕೂತ ಮುದುಕಿಯನ್ನು, ಅಂಗೈಯ ಲಿಂಗವನ್ನು, ಸೆರಗಿನಡಿಯ ಅರೆಗಣ್ಣನ್ನು ನಾಲ್ಕು ಹೆಜ್ಜೆ ದೂರದಿಂದ ನೋಡಿ, ಚಪ್ಪಲಿ ಬಿಟ್ಟು ಕೈಮುಗಿದರು. ತೊಂದರೆ ಕೊಡುವುದು ಬೇಡ, ಎಂದರು ಮೆಲ್ಲಗೆ. ಹುಲಿಗೆವ್ವನ ತುಟಿಯ ಮೇಲೆ ನೊಣ ಕೂತಿತ್ತು. ಸಿದ್ದವ್ವ ಬೀಸಣಿಗೆಯಿಂದ ಅದನ್ನು ಹಾರಿಸಿದಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಹೆದರಿಕೆ. ಇನ್ನು ಸ್ವಲ್ಪ ಹೊತ್ತು ಯವ್ವಾ, ನಿನ್ನ ಬೀಗರು ಒಪ್ಪುವತನಕ, ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ರಾವಸಾಬ ಕೀಲಿ ತೆಗೆದ. ಡಬ್ಬಿಯ ಬಾಯಿ ತೆರೆಯಿತು. ಗುಳಿಗೆಗಳು ಹಾಳೆಯ ಪೊಟ್ಟಣದಲ್ಲಿ ಒಂದರ ಮೇಲೊಂದು ಒಪ್ಪವಾಗಿದ್ದವು. ಸಾಹೇಬರು ಎಣಿಸಿದರು. ಇನ್ನೂರು. ವಹಿ ತೆಗೆದು ನೋಡಿದರು. ತಿಂಗಳ ಹಾಳೆಯಲ್ಲಿ ಒಂದು ಸೊನ್ನೆಯೂ ಇರಲಿಲ್ಲ.

"ಎಲ್ಲ ಹಾಗೇ ಇದೆ," ಎಂದರು ಡಾಕ್ಟರ ಕಡೆ ತಿರುಗಿ.

"ಹೌದು ಸರ್, ಪೂರ್ತಿ."

"ಅಂದರೆ ಇಲ್ಲಿ ರೋಗವಿಲ್ಲ."

ಡಾಕ್ಟರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. "ಇಲ್ಲ ಸರ್."

ಸಾಹೇಬರು ನಿಟ್ಟುಸಿರು ಬಿಟ್ಟು ಕನ್ನಡಕ ತೆಗೆದರು. ಮೊನ್ನೆ ಇಂಡಿಯಲ್ಲಿ ಇದೇ, ನಿನ್ನೆ ಮುದ್ದೇಬಿಹಾಳದಲ್ಲೂ ಇದೇ, ಎಂದರು. ಎಲ್ಲಿ ಹೋದರೂ ತುಂಬಿದ ಡಬ್ಬಿ. ಮುಟ್ಟಿದವರೇ ಇಲ್ಲ. ಜನಕ್ಕೆ ಬೇಕಿಲ್ಲದ ಔಷಧಕ್ಕೆ, ಕೆಲಸವಿಲ್ಲದ ಕಾರ್ಯಕರ್ತೆಗೆ ದಿಲ್ಲಿ ಯಾಕೆ ರೊಕ್ಕ ಕೊಡಬೇಕು? ಬೇರೆ ಕಡೆ ಜನ ಗುಳಿಗೆಯಿಲ್ಲದೆ ಸಾಯುತ್ತಿದ್ದಾರೆ. ಹಾಗೆಂದು ಕೈಯಲ್ಲಿದ್ದ ಕಾಗದದ ಮೇಲೆ ಏನೋ ಗೀಚಿ, ಡಬ್ಬಿಯನ್ನು ಜೀಪಿಗೆ ಹಾಕಿಸುವಂತೆ ಚಾಲಕನಿಗೆ ಕೈ ಮಾಡಿದರು. ಅಗತ್ಯ ಇದ್ದ ಕಡೆ ಕಳಿಸೋಣ ಎಂದರು.

ಸಿದ್ದವ್ವನಿಗೆ ಮಾತು ತಿಳಿಯಲಿಲ್ಲ. ಚಾಲಕ ಡಬ್ಬಿ ಎತ್ತಿದ್ದು ತಿಳಿಯಿತು. "ಎಲ್ಲಿ ಒಯ್ಯಾಕತ್ತೀರಿ?" ಎಂದು ಅಡ್ಡ ಬಂದಳು. "ಅದು ಇಲ್ಲೇ ಬೇಕ್ರಿ! ಓಣ್ಯಾಗ ಕೂಸು ಸಾಯಾಕತ್ತೈತ್ರಿ. ನಮ್ಮವ್ವ ಸತ್ತಾಳ್ರಿ, ಆಕಿ ಪೂಜಿಗೆ ಕೂತಿಲ್ರಿ, ಸತ್ತಾಳ!"

ಸಾಹೇಬರು ಡಾಕ್ಟರ ಮುಖ ನೋಡಿದರು. ಏನಂತೆ?

ಡಾಕ್ಟರ ಮುಖ ಸುಣ್ಣವಾಗಿತ್ತು. "ಇನ್ನೊಂದು ಸಲ ಬನ್ನಿ ಅಂತಿದಾಳೆ ಸರ್," ಎಂದರು.

ಸಾಹೇಬರು ಸಿದ್ದವ್ವನ ತಲೆಯ ಮೇಲೆ ಕೈಯಿಟ್ಟು ಜೀಪಿನತ್ತ ನಡೆದರು. ಗುಂಡವ್ವ ಈಗ ನಗಲಿಲ್ಲ. "ನಿಮ್ಮ ಬಾಯಾಗ ಮಣ್ಣ ಬೀಳಲಿ!" ಎಂದು ಡಾಕ್ಟರ ಮುಂದೆ ಹಿಡಿ ಮಣ್ಣು ತೂರಿದಳು. ಆಮೇಲೆ ಸಿದ್ದವ್ವನ ಬೆನ್ನಿಗೆ ಗುದ್ದಿದಳು. "ಸಗೀರಾನ ಕರಕೊಂಡು ಬಾ! ಆಕಿಗೆ ಅವರ ಮಾತು ಬರತೈತಿ. ಓಡ!"

ಸಿದ್ದವ್ವ ಓಡಿದಳು. ಓಣಿಯ ಕೊನೆಯ ಮನೆಯ ಕದ ನೂಕಿದಳು. ಸಗೀರಾ ಎರಡೂ ಕೈ ಮುಂದೆ ಚಾಚಿದಳು, ಗುಳಿಗೆಗಾಗಿ.

"ಡಬ್ಬಿ ಒಯ್ಯಾಕತ್ತಾರ," ಎಂದಳು ಸಿದ್ದವ್ವ.

ಸಗೀರಾ ಹುಡುಗಿಯನ್ನು ಹಾಸಿಗೆಯಿಂದ ಎತ್ತಿಕೊಂಡು ಬರಿಗಾಲಲ್ಲಿ ಹೊರಬಿದ್ದಳು. ಇಬ್ಬರೂ ಓಡಿದರು. ಜೀಪು ಆಗಲೇ ಬಾವಿಯ ತಿರುವು ದಾಟಿ ಹಳ್ಳದ ದಾರಿ ಹಿಡಿದಿತ್ತು. ಸಗೀರಾ ಉರ್ದುವಿನಲ್ಲಿ ಕೂಗಿದಳು: ನಿಲ್ಲಿಸಿ ಸಾಹೇಬ, ಆಕೆ ಸತ್ತಿದ್ದಾಳೆ, ನನ್ನ ಮಗಳು ಸಾಯುತ್ತಿದ್ದಾಳೆ, ಸುಳ್ಳು ಹೇಳಿದರು, ನಿಲ್ಲಿಸಿ. ಸಾಹೇಬರಿಗೆ ತಿಳಿಯುವ ಮಾತೇ ಅದು, ಕಿವಿಗೆ ಬಿದ್ದಿದ್ದರೆ. ಎಂಜಿನ್ನಿನ ಸದ್ದಿನಲ್ಲಿ ಬರೀ ಕೂಗು ಕೇಳಿಸಿತು.

ಹಿಂದಿನ ಸೀಟಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಡಾಕ್ಟರು ಹೊರಳಿ ನೋಡಲಿಲ್ಲ. ಸಾಹೇಬರು ನೋಡಿದರು. ಧೂಳಿನಲ್ಲಿ ಇಬ್ಬರು ಹೆಂಗಸರು ಓಡಿ ಬರುತ್ತಿದ್ದರು. ಒಬ್ಬಳ ತೋಳುಗಳ ಮೇಲೆ ಅಡ್ಡ ಮಲಗಿದ್ದ ಹುಡುಗಿಯ ಒಂದು ಕೈ ಜೋತುಬಿದ್ದು, ತಾಯಿ ಓಡಿದಂತೆಲ್ಲ ಅತ್ತ ಇತ್ತ ಆಡುತ್ತಿತ್ತು.

ಸಾಹೇಬರು ನಕ್ಕು, ಜೀಪಿನಿಂದ ಮೈ ಹೊರಗೆ ಚಾಚಿ, ಹುಡುಗಿಯತ್ತ ತಾವೂ ಕೈ ಬೀಸಿದರು.